ಮಡಿವಾಳ ಹಕ್ಕಿಯ ಪಕ್ಕ ನಾಲ್ಕಡಿ ಪೆಂಗ್ವಿನ್

ಏಪ್ರಿಲ್ ೧, ೧೯೮೩

ಪಂಕಜಾಕ್ಷಿಯನ್ನು ಬೀರೂರಿನಲ್ಲಿ ರೈಲು ಹತ್ತಿಸಿ ಅಜ್ಜಂಪುರಕ್ಕೆ ವಾಪಸು ಬಂದೆ. ಗಾಡಿ ಹೊರಡುವವರೆಗೂ ಕಿಟಕಿಯ ಸರಳು ಹಿಡಿದುಕೊಂಡು ಒಂದೇ ಪಾಠ ಒಪ್ಪಿಸುತ್ತಿದ್ದಳು. "ರೀ, ರಾಗಿ ಸರಿ ಗಂಟಾಗ್ಬಾರ್ದು. ಎಣ್ಣೆ ಹಚ್ಚುವಾಗ ಕಿವಿಗೆ ಹೋಗ್ಬಾರ್ದು. ಬಣ್ಣದ ಡಬ್ಬ ಮಗು ಕೈಗೆ ಸಿಗ್ಬಾರ್ದು." ನಾನು ಅಂದೆ, "ಎರಡು ತಿಂಗಳು ತಾನೆ? ಹಾಡ್ತಾ ಹಾಡ್ತಾ ಕಳೆದುಬಿಡ್ತೀನಿ, ಹೋಗೇ." ಅವಳು ನಗಲಿಲ್ಲ. ಮಗುವನ್ನು ನೋಡಿ ಅತ್ತಳು. ಮಗು ಇಂಜಿನ್ನಿನ ಹೊಗೆ ನೋಡುತ್ತಿತ್ತು.

ಪ್ರೈಮರಿ ಸ್ಕೂಲಿನ ಮೇಡಂ ಕೆಲಸಕ್ಕೆ ಅವಳಿಗೆ ಆರ್ಡರು ಬಂದಿದೆ. ಆದರೆ ಮೈಸೂರಿನಲ್ಲಿ ಎರಡು ತಿಂಗಳ ತರಬೇತಿ ಮುಗಿಸಿ ಪಾಸಾದರೆ ಮಾತ್ರ ಕೆಲಸ. ನಡುವೆ ಊರಿಗೆ ಬಂದರೆ ಹೆಸರು ಹೊಡೆದುಹಾಕುತ್ತಾರಂತೆ. ಹಾಸ್ಟೆಲಿನಲ್ಲಿ ಮಕ್ಕಳಿಗೆ ಜಾಗವಿಲ್ಲ. ಪಂಕನ ತಾಯಿ ತೀರಿಕೊಂಡು ಬಹಳ ಕಾಲವಾಯಿತು. ನಮ್ಮ ಅವ್ವ ಬುಕ್ಕಾಂಬುಧಿಯಲ್ಲಿ ಅಣ್ಣನ ಮನೆಯಲ್ಲಿದ್ದಾಳೆ. ಸೊಸೆ ಕೆಲಸಕ್ಕೆ ಹೋಗುವುದೇ ಬೇಡವೆಂದು ಅವಳ ಹಟ. "ಮೊಲೆ ಬಿಡಿಸಿ ತಿಂಗ್ಳಾಗಿಲ್ಲ, ಆಗ್ಲೇ ರೈಲು ಹತ್ತಿಸ್ತೀಯೇನೋ? ನಾ ಬರಲ್ಲ, ನೀನೇ ನೋಡ್ಕೋ" ಅಂದುಬಿಟ್ಟಳು.

ನೋಡಿಕೊಳ್ಳುತ್ತೇನೆ. ಅಜ್ಜಂಪುರದ ಅರ್ಧ ಅಂಗಡಿಗಳಿಗೆ ಬೋರ್ಡು ಬರೆದವನು ನಾನು. ಸಂಘದ ನಾಟಕದಲ್ಲಿ ಈ ಸಲ ರಾಜನ ಪಾರ್ಟು ನನ್ನದು. ಹನ್ನೊಂದು ತಿಂಗಳ ಒಂದು ಮಗು ನನಗೆ ಯಾವ ಲೆಕ್ಕ? ಬಣ್ಣದ ಕಂಪನಿಯವರು ಪುಕ್ಕಟೆ ಕೊಟ್ಟ ಈ ಡೈರಿ ಖಾಲಿ ಬಿದ್ದಿತ್ತು. ಬೈಯಲು ಹೆಂಡತಿ ಇಲ್ಲದಿದ್ದಾಗ ಬರೆಯಲಾದರೂ ಆಗುತ್ತದೆ ಎಂದು ತೆಗೆದೆ.

ಏಪ್ರಿಲ್ ೨

ಸರಿ ಗಂಟಾಯಿತು.

ಏಪ್ರಿಲ್ ೬

ಇವತ್ತು ರಿಹರ್ಸಲ್ಲಿಗೆ ಮಗುವನ್ನೂ ಎತ್ತಿಕೊಂಡು ಹೋಗಿದ್ದೆ. ಸಂಘದ ಗೆಳೆಯ ಷಡಕ್ಷರಿ ಹಾರ್ಮೋನಿಯಂ ಹಿಡಿದ. ನಾನು ಮೇಲಿನ ಸ್ವರಕ್ಕೆ ಏರಿದ್ದೇ ತಡ, ಅದು ನನಗಿಂತ ಮೇಲೆ ಏರಿತು! ಷಡಕ್ಷರಿ ನಗುತ್ತಾ, "ಓಂಕಾರ, ನಿಮ್ಮನೇಲಿ ನಿನಗಿಂತ ದೊಡ್ಡ ಗವಾಯಿ ಹುಟ್ಟಿದ್ದಾಳೆ ಕಣೋ" ಅಂದ. ನನಗೆ ಉರಿದುಹೋಯಿತು. ಮನೆಗೆ ಬಂದು ಪಕ್ಕದ ಮನೆ ಕೆಂಚಮ್ಮನ ಕೈಗೆ ಮಗು ಕೊಟ್ಟು ಒಂದು ಗಳಿಗೆ ಹಿತ್ತಲಲ್ಲಿ ಕೂತೆ.

ಹಿತ್ತಲ ಹೊಂಗೆ ಮರದ ಪೊಟರೆಯಲ್ಲಿ ಮಡಿವಾಳ ಹಕ್ಕಿ ಗೂಡು ಮಾಡಿದೆ. ತರೀಕೆರೆ ಕಡೆಯ ಕಾಡಿನಲ್ಲಿ ಇವು ಬೇಕಾದಷ್ಟು, ಇದೊಂದು ಜೋಡಿ ಹೇಗೋ ಊರಿಗೆ ಬಂದಿದೆ. ಗಂಡು ಕರಿಕೋಟು, ಬಿಳಿ ಹೊಟ್ಟೆ, ನೆಟ್ಟಗೆ ಬಾಲ ಎತ್ತಿಕೊಂಡು ತುದಿಕೊಂಬೆಯಲ್ಲಿ ಕೂತು ಏನು ಹಾಡುತ್ತದೆ ಅಂತೀರಿ! ಹೆಣ್ಣು ಪೊಟರೆಯೊಳಗೆ ಮೊಟ್ಟೆಯ ಮೇಲೆ ಕಾವು ಕೂತಿದೆ. ಇದು ಸರಿಯಾದ ಸಂಸಾರ. ಹಾಡುವವನು ಹಾಡಬೇಕು, ಕೂರುವವಳು ಕೂರಬೇಕು.

ಏಪ್ರಿಲ್ ೧೩

ಪಂಕನ ಕಾಗದ ಬಂತು. ತರಬೇತಿಯ ಕೊನೆಗೆ ಪ್ರತಿಯೊಬ್ಬರೂ ನಿಜವಾದ ಮಕ್ಕಳ ಮುಂದೆ ಒಂದು ಪಾಠ ಮಾಡಿ ತೋರಿಸಬೇಕಂತೆ, ಪಾಸು ಫೇಲು ಅದರ ಮೇಲೆಯೇ. ಚೀಟಿ ಎತ್ತಿ ವಿಷಯ ಕೊಟ್ಟಿದ್ದಾರೆ. ಒಬ್ಬಳಿಗೆ ಮಳೆ ಬಂದಿದೆ, ಒಬ್ಬಳಿಗೆ ಹಸು ಬಂದಿದೆ. ನನ್ನ ಹೆಂಡತಿಯ ಅದೃಷ್ಟ ನೋಡಿ: "ಕಾಡಿನ ಒಂದು ಸಣ್ಣ ಹಾಡುಹಕ್ಕಿಗೂ ಚಕ್ರವರ್ತಿ ಪೆಂಗ್ವಿನ್ನಿಗೂ ಹೋಲಿಕೆ."

"ರೀ, ಎರಡೂ ಹಕ್ಕಿ ನಿಜವಾದ ಅಳತೆಯಲ್ಲಿ ಒಂದೇ ಬಟ್ಟೆ ಮೇಲೆ ಬರೆದು ಕಳಿಸಿ. ನಿಮ್ಮ ಕೈ ಬರಹ ಇದ್ರೆ ನಾನು ಗೆದ್ದಂಗೆ" ಎಂದು ಬರೆದಿದ್ದಾಳೆ. ಗೆದ್ದಂಗೆ ಅನ್ನುವ ಮಾತು ಓದಿ ನನಗೆ ಒಂದು ಸುತ್ತು ಮೈ ಬಂತು. ಆದರೆ ಪೆಂಗ್ವಿನ್ ಅನ್ನು ನಾನೆಲ್ಲಿ ನೋಡಿದ್ದೇನೆ? ಹಾಡುಹಕ್ಕಿಯದು ಚಿಂತೆಯಿಲ್ಲ, ನಮ್ಮ ಹಿತ್ತಲಿನದೇ ಇದೆ.

ಯುಗಾದಿ

ಮಗುವಿನ ನಾಲಗೆಗೆ ಬೇವು ಬೆಲ್ಲ ಮುಟ್ಟಿಸಿದೆ. ಅದರ ಮುಖ ಹೋದ ರೀತಿಗೆ ನಾನು ಬಿದ್ದು ಬಿದ್ದು ನಕ್ಕೆ. ಅದೂ ನಕ್ಕಿತು, ಆಮೇಲೆ ಉಗಿಯಿತು.

ಏಪ್ರಿಲ್ ೧೯

ಲೈಬ್ರರಿಯ ಗಂಗಾಧರಯ್ಯನವರು ಬೀರುವಿನ ತಳದಿಂದ ದಪ್ಪ ಇಂಗ್ಲಿಷ್ ಪುಸ್ತಕ ತೆಗೆದು, ಕನ್ನಡಕ ಒರೆಸಿಕೊಂಡು, ಓದಿ ಓದಿ ಅರ್ಥ ಹೇಳಿದರು. ನಿಂತರೆ ಸುಮಾರು ನಾಲ್ಕಡಿ ಎತ್ತರದ ಹಕ್ಕಿಯಂತೆ. ಅಂದರೆ ನಮ್ಮ ಕೆಂಚಮ್ಮನಿಗಿಂತ ಒಂದು ಗೇಣು ಕಡಿಮೆ. ಒಂದು ಪೆಂಗ್ವಿನ್ ತೂಗಬೇಕಾದರೆ ತಕ್ಕಡಿಯ ಆ ಕಡೆ ಸಾವಿರ ಮಡಿವಾಳ ಹಕ್ಕಿ ಹಾಕಬೇಕು. ರೆಕ್ಕೆ ಇದೆ, ಹಾರುವುದಿಲ್ಲ. ಸಮುದ್ರದೊಳಗೆ ಮಾತ್ರ ಬಾಣ ಬಿಟ್ಟ ಹಾಗೆ ಹೋಗುತ್ತದಂತೆ. ನಮ್ಮದು ನಾಲ್ಕೈದು ಮೊಟ್ಟೆ ಇಟ್ಟರೆ ಅದು ಒಂದೇ ಒಂದು ಇಡುತ್ತದೆ. ದನಿಯೋ, ತಗಡು ಎಳೆದ ಹಾಗೆ. ಹಾಡು ಅನ್ನುವ ಮಾತೇ ಇಲ್ಲ.

ಇಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಗಂಗಾಧರಯ್ಯನವರು, "ಹೆಣ್ಣು ಮೊಟ್ಟೆ ಇಟ್ಟು ಗಂಡಿನ ಕಾಲ ಮೇಲೆ ದಾಟಿಸಿ, ಹೊಟ್ಟೆ ತುಂಬಿಸ್ಕೊಳ್ಳೋಕೆ ಸಮುದ್ರಕ್ಕೆ ಹೋಗುತ್ತೆ. ಎರಡು ತಿಂಗಳು ಗಂಡೇ ಕಾವು ಕೊಡುತ್ತೆ. ಹಿಮದಲ್ಲಿ, ಉಪವಾಸ, ನಿಂತೇ" ಅಂದರು.

"ಸ್ವಾಮಿ, ಸರಿಯಾಗಿ ಓದಿ. ಹೆಣ್ಣು ಇರ್ಬೇಕು" ಅಂದೆ.

"ಗಂಡೇ ಕಣಯ್ಯಾ."

"ಇಂಗ್ಲಿಷಿನೋರು ತಪ್ಪು ಬರ್ದಿರ್ತಾರೆ."

ಅವರು ಪುಸ್ತಕ ನನ್ನ ಕಡೆ ತಿರುಗಿಸಿದರು. ಕಾಲಿನ ಮೇಲೆ, ಹೊಟ್ಟೆಯ ಚರ್ಮದ ಮಡಿಕೆಯೊಳಗಿಂದ, ಬೂದು ಬಣ್ಣದ ಮರಿಯೊಂದು ಇಣುಕುತ್ತಿತ್ತು. ನನ್ನ ಹೆಗಲ ಮೇಲಿದ್ದ ಮಗು ಬಗ್ಗಿ ಆ ಚಿತ್ರಕ್ಕೆ ಟಪ್ಪೆಂದು ಹೊಡೆಯಿತು. ಗಂಗಾಧರಯ್ಯನವರು ಮೀಸೆಯೊಳಗೇ ನಗುತ್ತಿದ್ದರು. ನಗುವಂಥದ್ದೇನಿತ್ತೋ ನನಗೆ ತಿಳಿಯಲಿಲ್ಲ.

ಏಪ್ರಿಲ್ ೨೪

ತರೀಕೆರೆಯ ಸೈಕಲ್ ಶಾಪಿನ ಬೋರ್ಡು ಒಪ್ಪಿಕೊಂಡು ತಿಂಗಳಾಗಿತ್ತು. ಕೆಂಚಮ್ಮ ಊರಲ್ಲಿಲ್ಲ. ಬೇರೆ ದಾರಿ ಕಾಣದೆ ಪಂಕನ ಹಳೇ ಸೀರೆಯಲ್ಲಿ ಮಗಳು ಶೈಲನನ್ನು ಬೆನ್ನಿಗೆ ಕಟ್ಟಿಕೊಂಡು, ಬಣ್ಣದ ಡಬ್ಬ ಹಿಡಿದು ಬಸ್ಸು ಹತ್ತಿದೆ. ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಒಬ್ಬ ಮುದುಕಿ, "ಯಾಕಪ್ಪಾ, ಮಗಿನ ತಾಯಿ ಇಲ್ವಾ?" ಎಂದು ಲೊಚಗುಟ್ಟಿದಳು. "ಅವ್ಳು ಮೇಡಂ ಆಗಕ್ಕೆ ಹೋಗವ್ಳೆ, ಗಟ್ಟಿಮುಟ್ಟಾಗವ್ಳೆ" ಎಂದು ಗದರಿದೆ. ಮುದುಕಿ ಆಮೇಲೆ ಶೈಲನಿಗೆ ಬಾಳೆಹಣ್ಣು ಕೊಟ್ಟಳು. ಗದರಬಾರದಿತ್ತು.

ಏಣಿ ಮೇಲೆ ನಿಂತು ಬರೆದೆ. ಶೈಲ ಬೆನ್ನಿನಲ್ಲಿ ನಿದ್ದೆ ಮಾಡಿದಳು. ಬಗ್ಗಿದರೆ ಎದ್ದು ಅಳುತ್ತಾಳೆ ಎಂದು ಮೇಲಿನ ಸಾಲನ್ನೇ ಎರಡು ಸಲ ತಿದ್ದಿದೆ. ಸಾಯಂಕಾಲಕ್ಕೆ ಸೊಂಟ ಇತ್ತೋ ಇಲ್ಲವೋ ಗೊತ್ತಾಗಲಿಲ್ಲ. ಆ ಪೆಂಗ್ವಿನ್ನಿಗೆ ಸೊಂಟ ನೋಯುವುದಿಲ್ಲವೇ ಎಂದು ಗಂಗಾಧರಯ್ಯನವರನ್ನು ಕೇಳಬೇಕು.

ಏಪ್ರಿಲ್ ೨೯

ಮಿಲ್ಲಿನ ದಪ್ಪ ಬಟ್ಟೆ ಗೋಡೆಗೆ ಬಿಗಿದು ಚಿತ್ರ ಶುರುಮಾಡಿ ನಾಲ್ಕು ದಿನವಾಯಿತು. ಮಡಿವಾಳ ಹಕ್ಕಿ ಒಂದು ಗೇಣಿಲ್ಲ, ಅರ್ಧ ಗಂಟೆಯಲ್ಲಿ ಮುಗಿಯಿತು. ಪೆಂಗ್ವಿನ್ ನನ್ನನ್ನು ಅರೆದುಹಾಕಿತು. ಕಿವಿಯ ಹತ್ತಿರದ ಹಳದಿ ಕುತ್ತಿಗೆಗೆ ಇಳಿಯುತ್ತಾ ಬಿಳಿಯಲ್ಲಿ ಕರಗಬೇಕು. ಬೋರ್ಡಿನ ಅಕ್ಷರಕ್ಕೆ ನೆರಳು ಕೊಟ್ಟ ಹಾಗಲ್ಲ ಅದು. ಮರಿಯನ್ನು ಬರೆಯುವಾಗ ಮಾತ್ರ ಪುಸ್ತಕ ಬೇಕಾಗಲಿಲ್ಲ. ಶೈಲ ಚಾದರದೊಳಗಿಂದ ಇಣುಕುವುದನ್ನು ನೋಡಿಕೊಂಡೇ ಬರೆದೆ.

ಪೊಟರೆಯಲ್ಲಿ ಮರಿಗಳಾಗಿವೆ. ಗಂಡೂ ಹುಳು ಕಚ್ಚಿಕೊಂಡು ಬರುತ್ತಿದ್ದಾನೆ. ಬರೀ ಹಾಡುಗಾರ ಅಂದುಕೊಂಡಿದ್ದೆ, ಪರವಾಗಿಲ್ಲ. ಆದರೂ ಮನಸ್ಸಿನಲ್ಲಿ ಒಂದು ತಕರಾರು. ಇವನ ಹೆಂಡತಿ ಪಕ್ಕದ ಕೊಂಬೆಯಲ್ಲೇ ಇದ್ದಾಳಲ್ಲ, ಇವನಿಗೇನು ಕಷ್ಟ? ಆ ಇನ್ನೊಬ್ಬನ ಹೆಂಡತಿ ಸಮುದ್ರದಲ್ಲಿದ್ದಾಳೆ, ಬರುತ್ತಾಳೋ ಇಲ್ಲವೋ.

ರಾಜನ ಪಾರ್ಟನ್ನು ಔಷಧಿ ಅಂಗಡಿಯ ಹುಡುಗನಿಗೆ ಕೊಟ್ಟರಂತೆ. ಕೊಡಲಿ. ಶೈಲ ಇವತ್ತು ಗೋಡೆ ಹಿಡಿದು ಮೂರು ಹೆಜ್ಜೆ ಇಟ್ಟಳು.

ಮೇ ೪

ಅವ್ವ ಬುಕ್ಕಾಂಬುಧಿಯಿಂದ ಹೇಳದೆ ಕೇಳದೆ ಬಂದಳು. ಬಾಗಿಲಲ್ಲೇ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, "ಥೂ, ಏನೋ ಇದು ಅವತಾರ? ಪ್ಯಾಂಟು ಜಾರ್ತಾ ಐತೆ. ಬಾಣಂತೀಗಿಂತ ಕಡೆಯಾಗಿದೀಯಲ್ಲೋ" ಅಂದಳು. ಒಳಗೆ ಬಂದು ತೊಟ್ಟಿಲು, ಪಾತ್ರೆ, ಒಣಗಿದ ಬಟ್ಟೆ ಎಲ್ಲ ತಪಾಸಣೆ ಮಾಡಿದಳು. ತಪ್ಪು ಸಿಗದೆ ಇನ್ನಷ್ಟು ಸಿಟ್ಟು ಬಂತು.

"ಮಗಿಗೆ ಉಷಾರಿಲ್ಲ ಅಂತ ಒಂದು ಟೆಲಿಗ್ರಾಂ ಕೊಡು. ಓಡಿ ಬತ್ತಾಳೆ."

"ಬಂದ್ರೆ ಕೆಲಸ ಹೋಗುತ್ತೆ ಅವ್ವ."

"ಹೋಗ್ಲಿ! ಹೆಂಡ್ತಿ ದುಡಿದು ಹಾಕ್ಬೇಕೇನೋ ನಿಂಗೆ?"

"ದುಡಿದು ಹಾಕೋಕಲ್ಲ. ಅವಳಿಗೆ ಆಸೆ ಐತೆ."

ಹೀಗೆಂದದ್ದು ನಾನೇನಾ ಎಂದು ನನಗೇ ಅನುಮಾನ ಬಂತು. ಆಗಲೇ ಗೋಡೆಯ ಮೇಲಿನ ಬಟ್ಟೆ ಅವ್ವನ ಕಣ್ಣಿಗೆ ಬಿತ್ತು. ಇದ್ಯಾವ ದೇವರು ಎಂದು ಕೇಳಿದಳು. ಎಲ್ಲ ಹೇಳಿದೆ. ಹಿಮ, ಉಪವಾಸ, ಕಾಲ ಮೇಲಿನ ಮೊಟ್ಟೆ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು, "ಅಯ್ಯೋ ಶಿವನೇ, ಗಂಡು ಪ್ರಾಣಿ!" ಎಂದು ಬಹಳ ಹೊತ್ತು ನೋಡಿದಳು.

ಸಂಜೆ ತಾನೇ ಕಾಡಿಗೆ ಅರೆದು ಶೈಲನ ಕಣ್ಣಿಗೆ ಹಚ್ಚಿ, ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟಳು. ನಾನು ನೀರು ತರಲು ಹೋಗಿ ಬರುವಷ್ಟರಲ್ಲಿ ಬಸ್ಸಿಗೆ ಹೊರಟು ನಿಂತಿದ್ದಳು. ಇರು ಎಂದರೂ ಇರಲಿಲ್ಲ. ಟೆಲಿಗ್ರಾಮಿನ ಮಾತು ಮತ್ತೆ ಎತ್ತಲಿಲ್ಲ.

ಮೇ ೬

ಷಡಕ್ಷರಿ ಅಕ್ಕನ ಮನೆಗೆಂದು ಮೈಸೂರಿಗೆ ಹೊರಟಿದ್ದ. ಅವಸರದಲ್ಲಿ ಚಿತ್ರದ ಬಟ್ಟೆ ಸುತ್ತಿ ಕೊಟ್ಟೆ. "ಬೀರೂರಲ್ಲಿ ಟಿಕೆಟ್ ಕೇಳಿದ್ರೆ ಇದು ನನ್ನ ಭಾವ ಅಂತೀನಿ" ಅಂದ. ಗೋಡೆ ಬೋಳಾಗಿ ಕಾಣುತ್ತಿದೆ. ಶೈಲ ಖಾಲಿ ಗೋಡೆಗೆ ಕೈ ತೋರಿಸಿ ಗುರ್ ಎಂದು ಜಗಳವಾಡಿದಳು.

ಮೇ ೧೭

ಬೆಳಗಿನಿಂದ ಶೈಲನಿಗೆ ಜ್ವರ. ಕೆಂಡದ ಹಾಗೆ ಮೈ. ಸರಿ ಬೇಡ, ನೀರು ಬೇಡ, ಕೂತರೆ ಅಳು, ಮಲಗಿಸಿದರೆ ಅಳು. ನಿಂತು ಹೆಗಲ ಮೇಲೆ ಹಾಕಿಕೊಂಡರೆ ಮಾತ್ರ ನರಳುತ್ತಾ ಸುಮ್ಮನಿರುತ್ತಾಳೆ. ಡಾಕ್ಟರು ನೋಡಿದರು. "ಹಲ್ಲಿನದೂ ಇರ್ಬೋದು, ಬೇರೇದೂ ಇರ್ಬೋದು. ಔಷಧಿ ಹಾಕಿ, ಎರಡು ದಿನ ನೋಡೋಣ" ಅಂದರು. ಎರಡು ದಿನ ನೋಡೋಣ! ನಾಡಿದ್ದು ಪಂಕನ ಪಾಠ.

ಆಸ್ಪತ್ರೆಯಿಂದ ಕಾಲು ತಾನಾಗಿಯೇ ಪೋಸ್ಟಾಫೀಸಿಗೆ ಹೋಯಿತು. ಪೋಸ್ಟ್ ಮಾಸ್ಟರ್ ದೊಡ್ಡಬೀರಪ್ಪನವರು ಫಾರಂ ಕೊಟ್ಟು, "ಏನಂತ ಬರೀತೀರಿ?" ಅಂದರು. ಮಗುವಿಗೆ ಜ್ವರ, ಹೊರಟು ಬಾ. ಅಷ್ಟೇ ತಾನೆ ಬರೆಯಬೇಕಾದ್ದು. ಊರಿಗೆಲ್ಲ ಅಕ್ಷರ ಬರೆದ ಕೈ, ಅಲ್ಲಿ ಒಂದಕ್ಷರ ಬರೆಯಲಿಲ್ಲ. ಹೆದರಿಕೆಯಾಯಿತು. ಡೈರಿಯಲ್ಲಿ ಬರೆದೇ ಬಿಡುತ್ತೇನೆ, ಯಾರು ಓದುತ್ತಾರೆ: ಗಂಡಸಾಗಿ ಆ ಕೌಂಟರಿನ ಮುಂದೆ ನಿಂತು ಅತ್ತೆ. ಏನಾದರೂ ಹೆಚ್ಚುಕಡಿಮೆಯಾದರೆ ಪಂಕನಿಗೆ ಯಾವ ಮುಖ ತೋರಿಸಲಿ? ಕರೆಸಿದರೆ ಅವಳ ಜೀವಮಾನದ ಆಸೆ ನನ್ನ ಕೈಯಾರೆ ಮುರಿದ ಹಾಗೆ. ಬಂದವಳು ತಾನೇ ಏನು ಮಾಡುತ್ತಾಳೆ? ಹೆಗಲ ಮೇಲೆ ಹಾಕಿಕೊಂಡು ನಿಲ್ಲುತ್ತಾಳೆ. ನಾನು ನಿಂತೇ ಇದ್ದೇನಲ್ಲ.

ಫಾರಂ ವಾಪಸು ಕೊಟ್ಟೆ. ದೊಡ್ಡಬೀರಪ್ಪನವರು, "ನಾಳೆನೂ ಆಫೀಸು ತೆಗೆದಿರುತ್ತೆ. ಬೇಕಾದ್ರೆ ಮನೆ ಬಾಗ್ಲು ತಟ್ಟಿ" ಅಂದರು. ಒಳ್ಳೆಯ ಮನುಷ್ಯ.

ಮೇ ೧೮

ಕೆಂಚಮ್ಮ ಬಂದು ಅನ್ನ ಕಲಸಿ ನನ್ನ ಬಾಯಿಗೇ ತುತ್ತಿಟ್ಟಳು. ಕೂರುವ ಹಾಗಿರಲಿಲ್ಲ. ಜ್ವರ ಹಾಗೇ ಇದೆ.

ಮೇ ೧೯

ಬೆಳಿಗ್ಗೆ ಕತ್ತಿನ ಹತ್ತಿರ ಒದ್ದೆಯಾಯಿತು. ಬೆವರು! ಮುಟ್ಟಿ ನೋಡಿದರೆ ಮೈ ತಣ್ಣಗಿದೆ. ಬಾಯೊಳಗೆ ಬೆರಳು ಹಾಕಿದೆ, ಕಚ್ಚಿದಳು. ಕೆಳಗೆ ಎರಡಿದ್ದವು, ಈಗ ಮೇಲೆ ಎರಡು ಅಕ್ಕಿಕಾಳು! ಬೀದಿಗೆ ಓಡಿಹೋಗಿ ಸಿಕ್ಕಿದವರಿಗೆಲ್ಲ ಬೆರಳು ತೋರಿಸಿದೆ. ಹಾಲಿನವನು ಕರಿಯಪ್ಪ, "ಅದಕ್ಯಾಕಣ್ಣ ಇಷ್ಟು ಕುಣೀತೀಯ, ಎಲ್ಲಾ ಮಕ್ಳಿಗೂ ಬತ್ತವೆ" ಅಂದ. ಅವನಿಗೇನು ಗೊತ್ತು.

ಹತ್ತು ಗಂಟೆಗೆ ಶೈಲನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಈಗ ನಿಮ್ಮಮ್ಮ ಪಾಠ ಶುರು ಮಾಡಿರ್ತಾಳೆ ಎಂದು ಹೇಳಿದೆ. ಆಮೇಲೆ ಇಬ್ಬರೂ ಮಧ್ಯಾಹ್ನದವರೆಗೆ ನಿದ್ದೆ ಹೋದೆವು.

ಮೇ ೨೬

ಪಾಸು! ಪಾಸು! ಪಾಸು!

ಕಾಗದದ ತುಂಬ ಪಂಕನ ನಗುವೇ ಇದೆ. ಬಟ್ಟೆ ಬಿಚ್ಚಿದ ಕೂಡಲೇ ಮಕ್ಕಳೆಲ್ಲ ಹೋ ಎಂದರಂತೆ. ನಾಲ್ಕಡಿ ಪೆಂಗ್ವಿನ್ನಿನ ಪಕ್ಕದಲ್ಲಿ ಗೇಣಿಲ್ಲದ ಮಡಿವಾಳ ಹಕ್ಕಿ. ಒಬ್ಬ ಹುಡುಗ ಎದ್ದು ಬಂದು ಪೆಂಗ್ವಿನ್ನಿಗೆ ಬೆನ್ನು ಕೊಟ್ಟು ತನ್ನ ಎತ್ತರ ನೋಡಿಕೊಂಡನಂತೆ. ಆಮೇಲೆ ಮುಂದಿನ ಸಾಲಿನ ಒಬ್ಬಳು, "ಮಿಸ್, ಮರಿ ಕೆನ್ನೇಲಿ ದೃಷ್ಟಿಬೊಟ್ಟು ಇದೆ. ಯಾರಿಟ್ಟಿದ್ದು? ಅವರಪ್ಪನಾ?" ಎಂದು ಕೇಳಿದಳಂತೆ.

ನಮ್ಮ ಅವ್ವ! ನಾನು ನೀರಿಗೆ ಹೋದಾಗ ಇಟ್ಟಿದ್ದಾಳೆ. ನೋಡದೆ ಸುತ್ತಿ ಕಳಿಸಿದ್ದೇನೆ.

ಪಂಕ ಸಾವರಿಸಿಕೊಂಡು, "ಅಲ್ಲಿ ಕಾಡಿಗೆ ಸಿಗಲ್ಲ. ಇದನ್ನ ನಮ್ಮತ್ತೆ ಇಟ್ಟಿದ್ದು. ಯಾಕಿಟ್ರು ಗೊತ್ತಾ?" ಎಂದು ಅಲ್ಲಿಂದಲೇ ಆ ಅಪ್ಪನ ಕಥೆ ಎತ್ತಿಕೊಂಡಳಂತೆ. ಗಂಟೆ ಹೊಡೆದರೂ ಮಕ್ಕಳು ಏಳಲಿಲ್ಲವಂತೆ. ಪಾಠ ನೋಡಲು ಬಂದಿದ್ದ ಸಾಹೇಬರು ಮಾತ್ರ "ಚಿತ್ರದಲ್ಲಿ ಅವೈಜ್ಞಾನಿಕ ಗುರುತು" ಎಂದು ಎರಡು ಮಾರ್ಕು ಕಿತ್ತುಕೊಂಡಿದ್ದಾರೆ. ಅವ್ವನಿಗೆ ಹೇಳಿಕಳಿಸಿದೆ. "ಎರಡೇ ಮಾರ್ಕಿಗೆ ಕಣ್ಣು ಹೋಯ್ತಲ್ಲ, ಬಿಡು. ಬೊಟ್ಟು ಇಡದಿದ್ರೆ ಪೂರ್ತಿ ಹೋಗ್ತಿತ್ತು" ಎಂದು ಸಂಜೆಯ ಬಸ್ಸಿಗೇ ಉತ್ತರ ಬಂತು. ಇದಕ್ಕೆ ಯಾವ ವಿಜ್ಞಾನಿ ಏನು ಹೇಳುತ್ತಾನೆ?

ಜ್ವರದ ಸಂಗತಿ ಪಂಕನಿಗೆ ಇನ್ನೂ ಬರೆದಿಲ್ಲ. ಬಂದ ಮೇಲೆ ಹೇಳಿದರಾಯಿತು.

ಜೂನ್ ೧

ಪಂಕ ಬಂದಳು. ಅಜ್ಜಂಪುರ ಸ್ಟೇಷನ್ನಿನಲ್ಲಿ ಗಾಡಿ ಪೂರ್ತಿ ನಿಲ್ಲುವ ಮೊದಲೇ ಇಳಿದು, ಪೆಟ್ಟಿಗೆ ಅಲ್ಲೇ ಬಿಟ್ಟು, ಎರಡು ಕೈ ಚಾಚಿಕೊಂಡು ಓಡಿ ಬಂದಳು. ಶೈಲ ಅವಳನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಮುಖ ತಿರುಗಿಸಿ ನನ್ನ ಕುತ್ತಿಗೆಯಲ್ಲಿ ಹುದುಗಿಕೊಂಡಳು.

ನನಗೆ ಒಳಗೊಳಗೇ ಖುಷಿಯಾಯಿತು. ಪಾಪಿ ನಾನು. ಪಂಕನ ಮುಖ ನೋಡಿದ ಮೇಲೆ ಆ ಖುಷಿ ಎಲ್ಲಿ ಹೋಯಿತೋ.

ಮನೆಯಲ್ಲೂ ಅದೇ. ಅವಳು ಹತ್ತಿರ ಬಂದರೆ ಶೈಲ ನನ್ನ ಬನಿಯನ್ನು ಹಿಡಿದುಕೊಳ್ಳುತ್ತಾಳೆ. ಮೈಸೂರಿನಿಂದ ತಂದ ಗಿಲಕಿ ಇಸಿದುಕೊಂಡಳು, ತಂದವಳನ್ನು ಒಲ್ಲೆ ಅಂದಳು. ಮಧ್ಯಾಹ್ನ ಪಂಕ ಅಡುಗೆಮನೆಯಲ್ಲಿ ಗೋಡೆಗೆ ಒರಗಿ ಕೂತು ಅಳುತ್ತಿದ್ದಳು.

"ನಾ ಹೋಗ್ಬಾರ್ದಿತ್ತು ಕಣ್ರೀ. ನನ್ನ ಮಗಳಿಗೆ ನಾನೇ ಗುರುತಿಲ್ಲ. ಈ ಕೆಲಸ ನಂಗೆ ಬೇಡ. ಬರ್ಕೊಟ್ಟುಬಿಡ್ತೀನಿ."

"ಹುಚ್ಚಿ, ಸುಮ್ನಿರೇ! ನಾ ಎರಡು ತಿಂಗಳು ನಿಂತಿದ್ದು ಇದನ್ನ ಕೇಳಕ್ಕಾ?" ಎಂದು ಗದರಿದೆ. ಗದರಿದ್ದಕ್ಕೆ ಇನ್ನೂ ಅತ್ತಳು.

ನಾನಿದ್ದರೆ ಇದು ಬಗೆಹರಿಯುವುದಿಲ್ಲ ಎಂದು ತಿಳಿಯಿತು. ಶೈಲನ ಬೆರಳುಗಳನ್ನು ಬನಿಯನ್ನಿನಿಂದ ಒಂದೊಂದಾಗಿ ಬಿಡಿಸಿ, ಪಂಕನ ಮಡಿಲಲ್ಲಿ ಕೂರಿಸಿ, ಹಿಂದೆ ತಿರುಗದೆ ಹೊರಗೆ ಬಂದೆ. ಅವಳು ಕಿರುಚಿದ್ದು ಬೀದಿ ತಿರುವಿನವರೆಗೂ ಕೇಳಿಸಿತು. "ಪ್ಪಾ, ಪ್ಪಾ" ಎಂದು. ಅದನ್ನು ಅವಳು ಅಂದದ್ದು ಅದೇ ಮೊದಲು. ತಿರುವಿನ ಟೀ ಅಂಗಡಿಯ ಕಲ್ಲಿನ ಮೇಲೆ ಕೂತೆ. ಬಂದ ಟೀ ತಣ್ಣಗಾಯಿತು. ಕಾಲು ಎರಡು ಸಲ ಎದ್ದವು, ಎರಡು ಸಲವೂ ಕೂರಿಸಿದೆ. ಆಮೇಲೆ ಅಳು ನಿಂತಿತು. ನಿಲ್ಲಲಿ ಎಂದೇ ಬಂದಿದ್ದೆ. ನಿಂತಾಗ ಮಾತ್ರ, ಇಷ್ಟು ಬೇಗ ನಿಲ್ಲಬಾರದಿತ್ತು ಅನ್ನಿಸಿತು.

ದೀಪ ಹಚ್ಚುವ ಹೊತ್ತಿಗೆ ಮನೆಗೆ ಹೋದೆ. ಪಂಕನ ಮಡಿಲಲ್ಲಿ ಕೂತು ಶೈಲ ಅವಳ ಬಳೆ ಎಳೆಯುತ್ತಿದ್ದಳು. ನನ್ನನ್ನು ನೋಡಿ ನಕ್ಕಳು, ಎದ್ದು ಬರಲಿಲ್ಲ. ಪಂಕನ ಕಣ್ಣು ಊದಿತ್ತು, ಮುಖ ಅರಳಿತ್ತು. ಸೋಮವಾರವೇ ಸ್ಕೂಲಿಗೆ ಹೋಗಿ ಹಾಜರಾಗಬೇಕು, ಯಾವ ಸೀರೆ ಉಡಲಿ ಎಂದು ಕೇಳಿದಳು. ಆಮೇಲೆ ದನಿ ತಗ್ಗಿಸಿ, "ರೀ, ಇವಳನ್ನ ಹೆಂಗೆ ಮಲಗಿಸ್ತಿದ್ರಿ? ಕಣ್ಣು ಎಳೀತಾವೆ, ಮಲಗ್ತಾ ಇಲ್ಲ" ಅಂದಳು.

"ಎಡಗಡೆ ತಲೆ ಬರಂಗೆ ಹಾಕ್ಕೋ. ಕಾಲು ಸ್ವಲ್ಪ ಮಡಚು" ಅಂದೆ. ಹಾಗೇ ಮಾಡಿದಳು. ಕಿವಿಯ ಹಿಂದೆ ಬೆರಳಾಡಿಸಬೇಕು ಎನ್ನುವುದನ್ನು ಹೇಳಲಿಲ್ಲ. ಅದನ್ನು ನಾನೇ ಪಕ್ಕದಲ್ಲಿ ಕೂತು ಮಾಡಿದೆ. ನಾಳೆ ಹೇಳಿಕೊಟ್ಟರಾಯಿತು.